ಅಂಗಡಿ ಲೆಕ್ಕ ಎಲ್ಲಿಡಬೇಕು: ಕಂಪ್ಯೂಟರ್‌ನಲ್ಲೋ, ಕ್ಲೌಡ್‌ನಲ್ಲೋ?

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ, ಹಾರ್ಡ್‌ವೇರ್, ಅಡಿಕೆ ವ್ಯಾಪಾರದವರ ಲೆಕ್ಕ ಬರೆಯುವುದು ನನ್ನ ಕೆಲಸ. ಈಚೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಮೇಡಂ, ಡೇಟಾನೆಲ್ಲ ಕ್ಲೌಡ್‌ಗೆ ಹಾಕಿಬಿಡೋಣ್ವಾ?" ದಿನಾ ಎಂಟ್ರಿ ಹಾಕೋ ಡೇಟಾನಾ, ಬ್ಯಾಕಪ್ಪಾ ಅಂತ ನಾನು ತಿರುಗಿ ಕೇಳುತ್ತೇನೆ. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರ್; ಬ್ಯಾಕಪ್ ಅಂದರೆ ಡೇಟಾ ಕೆಟ್ಟರೆ ಇರಲಿ ಅಂತ ತೆಗೆದಿಡುವ ಪ್ರತಿ. ಇವೆರಡನ್ನೂ, ಅಂದರೆ ದಿನದ ಡೇಟಾ ಎಲ್ಲಿ, ಬ್ಯಾಕಪ್ ಎಲ್ಲಿ ಅನ್ನೋದನ್ನು, ಬೇರೆ ಬೇರೆಯಾಗಿ ತೀರ್ಮಾನಿಸಬೇಕು.

ಮೊದಲು ಈಗ ಡೇಟಾ ಎಲ್ಲಿದೆ ನೋಡಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್ ಆದರೆ ಸಾಮಾನ್ಯವಾಗಿ ನಿಮ್ಮ ಕಂಪ್ಯೂಟರ್‌ನಲ್ಲೇ, ಡೇಟಾ ಅನ್ನೋ ಫೋಲ್ಡರ್‌ನೊಳಗೆ, 10000 ಥರದ ಅಂಕಿಯ ಹೆಸರಿನಲ್ಲಿ ಇರುತ್ತೆ. ಆ ಫೋಲ್ಡರ್ ಯಾವ ಡ್ರೈವ್‌ನಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಜೋಹೋ ಬುಕ್ಸ್ ಅನ್ನೋ ಕ್ಲೌಡ್ ಸಾಫ್ಟ್‌ವೇರ್ ಬಳಸುವವರ ಡೇಟಾ ಮೊದಲಿಂದಲೂ ಜೋಹೋ ಕಂಪನಿಯ ಸರ್ವರ್‌ನಲ್ಲೇ.

ಒಂದೇ ಅಂಗಡಿ, ಒಂದೇ ಕಂಪ್ಯೂಟರ್, ಬರೆಯುವವರೂ ಒಬ್ಬರೇ ಅಂದರೆ ಡೇಟಾ ಅಲ್ಲೇ ಇರಲಿ. ದೀಪಾವಳಿ ಹಿಂದಿನ ದಿನ ನೆಟ್ ಹೋದರೂ ಬಿಲ್ ನಿಲ್ಲಲ್ಲ. ಎರಡು ಕಡೆ ಅಂಗಡಿ ಇದೆ, ಮಾಲೀಕರು ರಾತ್ರಿ ಮನೆಯಿಂದ ಸ್ಟಾಕ್ ನೋಡಬೇಕು, ಆಡಿಟರ್ ಬೇರೆ ಊರಲ್ಲಿದ್ದಾರೆ ಅಂದರೆ ಕ್ಲೌಡ್ ಸಾಫ್ಟ್‌ವೇರೇ ಸರಿ. ಆದರೆ ವರ್ಷಾ ವರ್ಷಾ ದುಡ್ಡು ಕಟ್ಟೋದನ್ನು ಲೆಕ್ಕಕ್ಕೆ ಹಿಡಿಯಿರಿ. ಕಟ್ಟೋದು ನಿಲ್ಲಿಸಿದರೆ ಹಳೇ ಲೆಡ್ಜರ್ ಎಕ್ಸೆಲ್‌ನಲ್ಲಿ ಸಿಗುತ್ತಾ ಅಂತ ಸೇರುವ ಮೊದಲೇ ಕೇಳಿ.

ಒಂದು ಕೆಲಸ ಮಾತ್ರ ಮಾಡಬೇಡಿ. ಟ್ಯಾಲಿಯ ಡೇಟಾ ಫೋಲ್ಡರನ್ನೇ ಎತ್ತಿ ಗೂಗಲ್ ಡ್ರೈವ್‌ನ ಅಥವಾ ಒನ್‌ಡ್ರೈವ್‌ನ ಸಿಂಕ್ ಫೋಲ್ಡರ್‌ನೊಳಗೆ (ಒಳಗಿನ ಬದಲಾವಣೆಯೆಲ್ಲ ತಾನಾಗಿಯೇ ಕ್ಲೌಡ್‌ಗೆ ಹೋಗುವ ಫೋಲ್ಡರ್) ಇಡುವವರಿದ್ದಾರೆ. ಬುದ್ಧಿವಂತಿಕೆ ಥರ ಕಾಣುತ್ತೆ. ಆದರೆ ಒಂದು ವೋಚರ್, ಅಂದರೆ ಒಂದು ಎಂಟ್ರಿ, ಸೇವ್ ಮಾಡಿದರೆ ಒಳಗೆ ಹಲವು ಫೈಲ್‌ಗಳು ಬದಲಾಗುತ್ತವೆ. ಸಿಂಕ್ ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೆ. ಇನ್ನೊಂದು ಕಂಪ್ಯೂಟರ್‌ನಲ್ಲೂ ಅದೇ ಕಂಪನಿ ತೆರೆದಿದ್ದರಂತೂ ಅರ್ಧ ಹಳೇದು, ಅರ್ಧ ಹೊಸದು ಸೇರಿ ಡೇಟಾ ಕೆಡುತ್ತೆ. ಡ್ರೈವ್‌ಗೆ ಬ್ಯಾಕಪ್ ಫೈಲ್ ಮಾತ್ರ ಹೋಗಬೇಕು.

ಸಂಜೆ ಗಲ್ಲಾ ತಾಳೆ ನೋಡಿದ ಮೇಲೆ ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿ, ಬ್ಯಾಕಪ್ ಆರಿಸಿ. ಆ ದಿನದ ತಾರೀಖಿನ ಹೊಸ ಫೋಲ್ಡರ್‌ಗೆ ಕಳಿಸಿ. ಒಂದೇ ಫೋಲ್ಡರ್‌ಗೆ ಹಾಕುತ್ತಾ ಹೋದರೆ, ಡೇಟಾ ಕೆಟ್ಟ ದಿನ ಕೆಟ್ಟ ಬ್ಯಾಕಪ್ ಬಂದು ನಿನ್ನೆಯ ಒಳ್ಳೇದರ ಮೇಲೆ ಕೂರುತ್ತೆ. ಆಮೇಲೆ ಆ ಫೋಲ್ಡರನ್ನು ಗೂಗಲ್ ಡ್ರೈವ್‌ಗೆ ಏರಿಸಿ. ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕ್‌ಗೂ ಹಾಕಿ, ಬಿಚ್ಚಿ ಮನೆಗೆ ಒಯ್ಯಿರಿ. ಬಿಚ್ಚುವುದು ಮುಖ್ಯ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಬಂದರೆ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತೆ. "ಡಿ ಡ್ರೈವ್‌ಗೆ ಹಾಕಿದೀನಿ" ಅನ್ನೋದು ಬ್ಯಾಕಪ್ ಅಲ್ಲ. ಹಳೇ ಕಂಪ್ಯೂಟರ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು, ಹೋದರೆ ಜೊತೆಗೇ ಹೋಗುತ್ತವೆ.

ಗೂಗಲ್‌ನಲ್ಲಿ ಪುಕ್ಕಟೆ ಜಾಗ 15 ಜಿಬಿ. ಮೇಲ್, ಫೋಟೋ ಎಲ್ಲ ಅದರಲ್ಲೇ. ಮಗಳ ಮದುವೆ ವಿಡಿಯೋ ತುಂಬಿಕೊಂಡರೆ ಬ್ಯಾಕಪ್‌ಗೆ ಜಾಗ ಇರಲ್ಲ. ಅಂಗಡಿಗೇ ಒಂದು ಬೇರೆ ಜಿಮೇಲ್ ಮಾಡಿ.

ಆ ಜಿಮೇಲ್ ಯಾರ ಹೆಸರಲ್ಲಿ ಇರಬೇಕು? ನನ್ನ ಪ್ರಕಾರ ಇದು ಕ್ಲೌಡ್ ಬೇಕೋ ಬೇಡವೋ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ನನಗೆ ಗೊತ್ತಿರುವ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ ತನ್ನದೇ ಜಿಮೇಲ್, ತನ್ನದೇ ಮೊಬೈಲ್ ನಂಬರ್ ಕೊಟ್ಟು ಎಲ್ಲ ಸೆಟ್ ಮಾಡಿದ್ದ. ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ರಿಟರ್ನ್ ಹಾಕುವ ಹೊತ್ತಿಗೆ ಮಾಲೀಕರು ಲಾಗಿನ್ ಮಾಡಲು ಕೂತರೆ ಓಟಿಪಿ ಅವನ ಫೋನಿಗೆ! ಹುಡುಗ ಒಳ್ಳೆಯವನು, ಹೇಳಿದ. ಹೇಳದಿದ್ದರೆ? ಖಾತೆ, ರಿಕವರಿ ನಂಬರ್ ಎರಡೂ ಮಾಲೀಕರದ್ದೇ ಇರಲಿ. ನನ್ನಂಥವರಿಗೆ ಬೇರೆ ಯೂಸರ್ ಮಾಡಿ ಕೊಡಿ. ಟ್ಯಾಲಿಯ ಡೇಟಾಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಬರೆದು ಲಾಕರ್‌ನಲ್ಲಿಡಿ. ಮರೆತರೆ ಮತ್ತೆ ತೆರೆಯಲು ದಾರಿಯೇ ಇಲ್ಲ.

ತಿಂಗಳಿಗೊಮ್ಮೆ ಬ್ಯಾಕಪ್ ತೆರೆದು ನೋಡಿ. ಒಂದು ಖಾಲಿ ಫೋಲ್ಡರ್ ಮಾಡಿ, ಬ್ಯಾಕಪ್‌ನಲ್ಲಿರುವ ಡೇಟಾವನ್ನು ಅಲ್ಲಿಗೆ ರಿಸ್ಟೋರ್ ಮಾಡಿ, ಅಂದರೆ ವಾಪಸ್ ತನ್ನಿ. ಈಗ ನಡೆಯುತ್ತಿರುವ ಡೇಟಾ ಇರುವ ಜಾಗಕ್ಕೆ ಮಾಡಿದರೆ ಹಳೇದು ಬಂದು ಹೊಸದನ್ನು ಅಳಿಸುತ್ತೆ, ಹುಷಾರು. ದಿನದ ಎಂಟ್ರಿಗಳ ಪಟ್ಟಿಯಾದ ಡೇ ಬುಕ್‌ನಲ್ಲಿ ಕೊನೆಯ ವೋಚರ್ ಬಂದಿದೆಯಾ, ನಗದು ಬಾಕಿ ಆ ದಿನದ್ದಕ್ಕೆ ಸರಿಯಾಗುತ್ತಾ, ಇಷ್ಟು ನೋಡಿದರೆ ಸಾಕು.

ಎಷ್ಟು ವರ್ಷ ಇಡಬೇಕು ಅಂತೀರಾ? ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನ್ ಕೊನೇ ದಿನದಿಂದ 72 ತಿಂಗಳು. 2023-24ರ ರಿಟರ್ನ್‌ಗೆ ಕೊನೇ ದಿನ 2024ರ ಡಿಸೆಂಬರ್ 31. ಅಂದರೆ ಆ ಲೆಕ್ಕ 2030ರ ಡಿಸೆಂಬರ್ 31ರವರೆಗೆ ಬೇಕು. ಕೇಸ್ ನಡೀತಿದ್ದರೆ ಇನ್ನೂ ಜಾಸ್ತಿ. ಸಾಫ್ಟ್‌ವೇರ್ ಬದಲಾಯಿಸಿದರೂ ಹಳೇ ಡೇಟಾ ತೆರೆಯುವಂತಿರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ ನಿಯಮ ಇನ್ನೂ ಬಿಗಿ: ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನಾ ಬ್ಯಾಕಪ್ ಇರಬೇಕು. ಸರ್ವರ್ ಯಾವ ದೇಶದಲ್ಲಿದೆ ಅಂತ ಕ್ಲೌಡ್ ಕಂಪನಿಯಿಂದ ಮೇಲ್‌ನಲ್ಲಿ ಬರೆಸಿಕೊಂಡು ನಿಮ್ಮ ಆಡಿಟರ್‌ಗೆ ಕೊಡಿ.