ಸಂಬಳ ನಿಂತ ವರ್ಷದ ಕ್ರಿಸ್ಮಸ್

2025ರ ಕ್ರಿಸ್ಮಸ್ ಹತ್ತಿರ ಬರುವಾಗ ಯಜಮಾನರ ಸಂಬಳ ನಿಂತು ಕೆಲವು ತಿಂಗಳಾಗಿತ್ತು. ಅವರಿರುವುದು ಗಲ್ಫಿನಲ್ಲಿ. ಕೆಲಸ ಹೋಗಿರಲಿಲ್ಲ, ಬಾಕಿ ಕೊಡುತ್ತೇವೆಂದು ಕಂಪನಿಯವರು ಹೇಳುತ್ತಲೇ ಇದ್ದರು. ಬಿಟ್ಟು ಬಂದರೆ ಬಾಕಿ ಮುಳುಗೀತೆಂಬ ಭಯ, ಅಲ್ಲೇ ಇದ್ದರೆ ಊಟಕ್ಕೂ ಕೈಯಿಂದಲೇ ಖರ್ಚು. ಇತ್ತ ಉಡುಪಿ ಹತ್ತಿರದ ಕಲ್ಯಾಣಪುರದ ಮನೆಯಲ್ಲಿ ಅತ್ತೆ, ನಾನು, ಪಿಯುಸಿಯಲ್ಲಿರುವ ಮಗಳು, ಎಂಟನೇ ತರಗತಿಯ ಮಗ. ನಮ್ಮ ಕಡೆ ಇಂಥ ಮನೆ ನಮ್ಮದೊಂದೇ ಅಲ್ಲ. ಹಬ್ಬವನ್ನು ಹೇಗೆ ನಡೆಸಿದೆವೆಂದು ಬರೆದಿಟ್ಟರೆ ಯಾರಿಗಾದರೂ ಉಪಯೋಗವಾದೀತು.

ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರಕ್ಕೆ ಮುಂಚೆಯೇ ಲೆಕ್ಕ ಹಾಕಲು ಕುಳಿತೆ. ಅಂಗಡಿಗಳಲ್ಲಿ ನಕ್ಷತ್ರಗಳು ತೂಗಲು ತೊಡಗಿದ ಮೇಲೆ ಮನಸ್ಸನ್ನು ಹಿಡಿಯುವುದು ಕಷ್ಟ. ಮುಟ್ಟಬಾರದ ಹಣವನ್ನು ಮೊದಲು ಬೇರೆ ಮಾಡಿದೆ: ಮಗಳ ಶುಲ್ಕ, ಅತ್ತೆಯ ರಕ್ತದೊತ್ತಡದ ಮಾತ್ರೆ, ಮನೆ ಸಾಲದ ಕಂತು, ಗ್ಯಾಸು, ಕರೆಂಟು ಬಿಲ್ಲು. ಹಬ್ಬಕ್ಕೆಂದು ಚಿನ್ನ ಅಡವಿಡುವುದಿಲ್ಲ, ಸೊಸೈಟಿಯಿಂದ ಸಾಲ ಎತ್ತುವುದಿಲ್ಲ ಎಂದು ಯಜಮಾನರೂ ನಾನೂ ಫೋನಿನಲ್ಲೇ ಮಾತಾಡಿಕೊಂಡೆವು. ಬಳೆಗಳು ಆಸ್ಪತ್ರೆಯ ಆಪತ್ತಿಗೆ ಇರಬೇಕಾದವು. ಒಂದು ರಾತ್ರಿಯ ಸಂಭ್ರಮಕ್ಕೆ ಅವು ಬ್ಯಾಂಕಿಗೆ ಹೋದರೆ ಬಿಡಿಸಿ ತರುವ ದಿನ ಯಾರಿಗೆ ಗೊತ್ತು?

ಹಬ್ಬದ ಹಣ ಹಿತ್ತಲಿನಿಂದ ಬಂತು. ಆ ವರ್ಷ ತೆಂಗಿನಕಾಯಿಗೂ ತೆಂಗಿನೆಣ್ಣೆಗೂ ಬೆಲೆ ಏರಿದ್ದು ಕರಾವಳಿಯ ಎಲ್ಲರಿಗೂ ನೆನಪಿರುತ್ತದೆ. ಮನೆಬಳಕೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಕಾಯಿಗಳನ್ನು ಕೊಟ್ಟಾಗ ಆರು ಸಾವಿರ ರೂಪಾಯಿ ಕೈಗೆ ಬಂತು. ಅದೇ ಹಬ್ಬದ ಮಿತಿ ಎಂದು ಗೊತ್ತುಮಾಡಿ, ಒಂದು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟೆ.

ಮಕ್ಕಳಿಂದ ಏನನ್ನೂ ಮುಚ್ಚಿಡಲಿಲ್ಲ. ‘ಡ್ಯಾಡಿಯ ಕೆಲಸ ಹೋಯಿತಾ?’ ಎಂದು ಮಗ ಕೇಳಿದ. ‘ಹೋಗಿಲ್ಲ, ಸಂಬಳ ಬರುತ್ತಿಲ್ಲ. ಯಾವಾಗ ಬರುತ್ತದೆಂದು ಡ್ಯಾಡಿಗೂ ಗೊತ್ತಿಲ್ಲ’ ಎಂದೆ. ದೊಡ್ಡವರು ಪಿಸುಗುಟ್ಟುವ ಮನೆಯಲ್ಲಿ ಮಕ್ಕಳು ಇದ್ದದ್ದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಲಕೋಟೆಯನ್ನು ಮೇಜಿನ ಮೇಲಿಟ್ಟು, ಇಷ್ಟರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಅವರನ್ನೇ ಕೇಳಿದೆ. ಹಣದಿಂದ ಆಗುವ ಕೆಲಸ ಒಂದು ಕಡೆ, ಮೈಮುರಿದು ಮಾಡಿದರೆ ಆಗುವ ಕೆಲಸ ಇನ್ನೊಂದು ಕಡೆ ಎಂದು ಮಗಳು ಪಟ್ಟಿ ಬರೆದಳು. ಹೊಸ ಬಟ್ಟೆ, ದೊಡ್ಡ ಕೇಕು, ಸೀರಿಯಲ್ ಲೈಟು ಅವಳ ಕೈಯಿಂದಲೇ ಹೊಡೆದುಹೋದವು. ನನ್ನ ಹಳೆಯ ರೇಷ್ಮೆ ಸೀರೆಯೊಂದನ್ನು ಉದ್ದ ಲಂಗ ಮಾಡಿಸಿಕೊಳ್ಳುತ್ತೇನೆಂದು ಅವಳೇ ಹೇಳಿದಳು.

ಕುಸ್ವಾರ್, ಅಂದರೆ ಕ್ರಿಸ್ಮಸ್ಸಿಗೆ ಮನೆಯಲ್ಲೇ ಮಾಡಿ ಹಂಚುವ ಬಗೆಬಗೆಯ ತಿಂಡಿಗಳು, ಅದನ್ನು ಮಾತ್ರ ಬಿಡುವ ಪ್ರಶ್ನೆಯೇ ಇರಲಿಲ್ಲ. ಅದರಲ್ಲಿ ದುಡ್ಡು ಎಲ್ಲಿ ಹೋಗುತ್ತದೆಂದು ನೋಡಿದರೆ ಗೋಡಂಬಿ, ತುಪ್ಪ, ಒಣದ್ರಾಕ್ಷಿ ಮತ್ತು ಕರಿಯುವ ಎಣ್ಣೆ. ಹಾಗಾಗಿ ಗೋಡಂಬಿ, ದ್ರಾಕ್ಷಿ ತುಂಬುವ, ಕರ್ಜಿಕಾಯಿಯಂಥ ನೆವ್ರಿಯನ್ನು ಕಡಿಮೆ ಮಾಡಿ, ಒಳಗೆ ಹುರಿದ ಎಳ್ಳು, ತೆಂಗಿನತುರಿ, ಸಕ್ಕರೆ, ಏಲಕ್ಕಿಯಷ್ಟೇ ಇಟ್ಟೆವು. ಅಕ್ಕಿಯ ಲಾಡನ್ನು ಹೆಚ್ಚು ಮಾಡಿದೆವು. ಕುಚ್ಚಲಕ್ಕಿಯನ್ನು ಅರಳುವ ತನಕ ಹುರಿದು, ಪುಡಿಮಾಡಿ, ಬೆಲ್ಲ ಮತ್ತು ತೆಂಗಿನತುರಿ ಸೇರಿಸಿ ಬಿಸಿಯಿರುವಾಗಲೇ ಕಟ್ಟುವ ಆ ಲಾಡಿಗೆ ಒಂದು ಹನಿ ಎಣ್ಣೆ ಬೇಡ. ಕರಿಯುವುದಕ್ಕೆ ಸೂರ್ಯಕಾಂತಿ ಎಣ್ಣೆ ಎಂದಾಗ ಅತ್ತೆ ಮುಖ ತಿರುಗಿಸಿದರು. ತೆಂಗಿನೆಣ್ಣೆಯ ಪರಿಮಳವಿಲ್ಲದ ಕಿಡಿಯೊ, ಅಂದರೆ ಸುರುಳಿ ಸುತ್ತಿ ಕರಿಯುವ ಸಿಹಿತಿಂಡಿ, ಅವರ ಆಯುಷ್ಯದಲ್ಲಿ ಆಗಿರಲಿಲ್ಲ. ಕೊನೆಗೆ ಕಿಡಿಯೊಗೆ ಮಾತ್ರ ತೆಂಗಿನೆಣ್ಣೆ, ಉಳಿದದ್ದಕ್ಕೆಲ್ಲ ಸೂರ್ಯಕಾಂತಿ ಎಂದು ರಾಜಿಯಾಯಿತು. ಅಗಲ ಬಾಣಲೆಯನ್ನು ಬಿಟ್ಟು ಸಣ್ಣ ಬಾಯಿಯ, ಆಳದ ಬಾಣಲೆ ಇಟ್ಟರೆ ಅರ್ಧ ಎಣ್ಣೆಯಲ್ಲಿ ಕೆಲಸ ಸಾಗುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಮೊದಲು ಅಚ್ಚಿನಲ್ಲಿ ಕರಿಯುವ ಹೂವಿನಾಕಾರದ ಕೊಕ್ಕಿಸಾಂ, ನಂತರ ನೆವ್ರಿ, ಕೊನೆಗೆ ಹಿಟ್ಟನ್ನು ಲಟ್ಟಿಸಿ ತುಂಡು ಮಾಡಿದ ತುಕ್ಡಿ. ಒಣಹಿಟ್ಟು ಅಂಟಿರುವ ತಿಂಡಿಯನ್ನು ಮೊದಲೇ ಬಿಟ್ಟರೆ ಹಿಟ್ಟು ತಳದಲ್ಲಿ ಕರಟಿ ಎಣ್ಣೆ ಕಪ್ಪಾಗುತ್ತದೆ.

ಕೊಕ್ಕಿಸಾಂ ಅಚ್ಚಿನ ಕೆಲಸವನ್ನು ಅತ್ತೆ ಮಗನಿಗೆ ಕಲಿಸಿದರು. ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು. ಹಿಟ್ಟಿನಲ್ಲಿ ಅಂಚಿನವರೆಗೆ ಮಾತ್ರ ಅದ್ದಬೇಕು, ಮೇಲಕ್ಕೆ ಹಿಟ್ಟು ಹತ್ತಿದರೆ ಹೂವು ಬಿಡುವುದೇ ಇಲ್ಲ. ಮೊದಲ ಹೂವು ತಾನಾಗಿ ಅಚ್ಚು ಬಿಟ್ಟು ಎಣ್ಣೆಯಲ್ಲಿ ತೇಲಿದಾಗ ಅವನು ಕೂಗಿದ ಕೂಗು ಪಕ್ಕದ ಮನೆಗೆ ಕೇಳಿಸಿತು. ಮಗಳು ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಉಂಡೆ ಒತ್ತಿ ಕಿಡಿಯೊ ಸುರುಳಿ ಸುತ್ತಿದಳು. ರಜೆ ಮುಗಿಸಿ ಹೊರಟಿದ್ದ ಊರಿನವರೊಬ್ಬರ ಕೈಯಲ್ಲಿ ಅದರದೇ ಒಂದು ಡಬ್ಬ ಯಜಮಾನರಿಗೆ ಹೋಯಿತು. ದೂರದ ದಾರಿಗೆ ಕಿಡಿಯೊ ಸರಿ, ಒಡೆಯುವುದಿಲ್ಲ. ಅವರ ಕೋಣೆಯಲ್ಲಿ ಸಂಬಳವಿಲ್ಲದೆ ಕುಳಿತ ಉಳಿದವರೂ ಅದರಲ್ಲೇ ಹಬ್ಬ ಮಾಡಿದರಂತೆ.

ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಗೆ ಅಂಗಡಿಯ ಸೆಟ್ಟು ಬೇಕೆಂದು ಮಗನಿಗೆ ಆಸೆಯಿತ್ತು. ಅಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿಯನ್ನು ಕಟ್ಟಿದಾಗ ಇದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ ಎಂದು ಹೇಳಿದೆ. ನಮ್ಮಲ್ಲಿ ಹಳೆಯ ಮಣ್ಣಿನ ಗೊಂಬೆಗಳಾದರೂ ಇದ್ದವಲ್ಲ! ಭತ್ತವನ್ನು ನೆನೆಸಿ ಗೆರಟೆಗಳಲ್ಲಿ ಬಿತ್ತಿದೆವು. ಹಬ್ಬದ ಹೊತ್ತಿಗೆ ಪೈರು ಗೇಣುದ್ದ ಬಂದು ಗೋದಲಿಯ ಮುಂದೆ ಗದ್ದೆಯಾಯಿತು. ನಕ್ಷತ್ರಕ್ಕೆ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು.

ಉಡುಗೊರೆಯ ವಿಷಯ ಬೇರೆಯವರ ಮನೆಗಳನ್ನೂ ಮುಟ್ಟುವುದರಿಂದ ಹೇಳಲು ಸಂಕೋಚವಾಯಿತು. ಆದರೂ ಹಿರಿಯ ಓರಗಿತ್ತಿಗೆ ಫೋನು ಮಾಡಿ, ಈ ಸಲ ಎಲ್ಲರೂ ಎಲ್ಲರಿಗೂ ಕೊಡುವುದು ಬೇಡ, ಚೀಟಿ ಎತ್ತಿ ಒಬ್ಬರು ಒಬ್ಬರಿಗೆ ಮಾತ್ರ ಕೊಡೋಣ, ಇನ್ನೂರು ರೂಪಾಯಿ ಮೀರುವುದು ಬೇಡ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ಒಳ್ಳೆಯದಾಯಿತು ಮಾರಾಯ್ತಿ, ನಾನೇ ಹೇಳಬೇಕೆಂದಿದ್ದೆ’ ಎಂದರು. ಅವರ ಮನೆಯಲ್ಲೂ ಕೈ ಬಿಗಿಯಾಗಿತ್ತೆಂದು ಆಗಲೇ ತಿಳಿದದ್ದು. ಯಾರಾದರೊಬ್ಬರು ಮೊದಲು ಬಾಯಿಬಿಟ್ಟರೆ ಎಷ್ಟೋ ಮನೆಗಳು ಹಗುರಾಗುತ್ತವೆ.

ನೆರೆಮನೆಗಳಿಗೆ ಹೋಗುವ ತಟ್ಟೆಯಲ್ಲಿ ಕೈಹಿಡಿತ ಕೂಡದು ಎಂಬುದು ನನ್ನ ಹಟವಾಗಿತ್ತು. ಅಷ್ಟಮಿಗೆ ಚಕ್ಕುಲಿ, ಉಂಡೆ ಕೊಡುವ ಭಟ್ಟರ ಮನೆ, ಈದ್‌ಗೆ ಬಿರಿಯಾನಿ ಕಳಿಸುವ ಬ್ಯಾರಿಗಳ ಮನೆ, ತೆಂಗಿನಕಾಯಿ ಕೀಳಿಸಿಕೊಟ್ಟ ಪೂಜಾರಿಯವರ ಮನೆ, ಎಲ್ಲ ಕಡೆಗೂ ಎಂದಿನಷ್ಟೇ ಹೋಯಿತು. ‘ಬಾಯಮ್ಮ, ಈ ವರ್ಷ ಯಾಕೆ ಇಷ್ಟು ಕಷ್ಟಪಟ್ಟಿರಿ?’ ಎಂದರು ಪೂಜಾರಿಯವರ ಹೆಂಡತಿ. ಅವರಿಗೆ ನಮ್ಮ ಪರಿಸ್ಥಿತಿ ಗೊತ್ತಿತ್ತು. ನಮ್ಮ ಮನೆಯ ಡಬ್ಬ ಬೇಗ ಖಾಲಿಯಾದರೆ ಆಗಲಿ. ಕೊಡುವ ಕೈ ನಿಂತರೆ ನಾವು ಬಡವರಾದೆವೆಂದು ಮಕ್ಕಳಿಗೆ ಅನ್ನಿಸುವುದು ಆಗ.

ಚರ್ಚಿನ ಹಬ್ಬದ ವಂತಿಗೆಯನ್ನು ಈ ಸಲ ಅರ್ಧ ಕೊಡುತ್ತೇನೆಂದು ಚರ್ಚಿನ ನಮ್ಮ ವಾರ್ಡಿನ ಮುಖಂಡರಾದ ಗುರ್ಕಾರರಿಗೆ ನೇರವಾಗಿ ಹೇಳಿದೆ. ಅವರು ಮರುಮಾತಾಡಲಿಲ್ಲ. ನಮಗಿಂತ ಕಷ್ಟದಲ್ಲಿರುವವರಿಗೆ ನನ್ನ ಸಲಹೆ: ಹಲವು ಚರ್ಚುಗಳಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದ ಪೌಲ್ ಸಭೆಯಿದೆ, ಅವರಿಗೆ ತಿಳಿಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

24ರ ರಾತ್ರಿ ಬಲಿಪೂಜೆ ಮುಗಿಸಿ ಬಂದು ಕುಸ್ವಾರ್, ಚಹಾ. ಮರುದಿನ ಮಧ್ಯಾಹ್ನ ಶೇಂದಿ ಹಾಕಿ ಹುದುಗಿಸಿದ, ಇಡ್ಲಿಯಂಥ ಸನ್ನ, ಹಂದಿ ಮಾಂಸದ ಖಾರದ ಸಾರು ಬಫಾತ್. ಬಫಾತ್ ಪುಡಿ ಬೇಸಗೆಯಲ್ಲೇ ಮಾಡಿಟ್ಟದ್ದಿತ್ತು, ಕೊಂಡದ್ದು ಮಾಂಸ ಮಾತ್ರ. ಬಿರಿಯಾನಿ, ಐಸ್‌ಕ್ರೀಮು ಯಾರಿಗೂ ನೆನಪಾಗಲಿಲ್ಲ.

ಲಕೋಟೆಯಲ್ಲಿ ಉಳಿದ ಸ್ವಲ್ಪ ಹಣ ಮಗಳ ಜನವರಿಯ ಬಸ್ ಪಾಸಿಗೆ ಹೋಯಿತು. ಚೀಟಿ ಎತ್ತುವ ಪದ್ಧತಿಯನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳೋಣವೆಂದು ಓರಗಿತ್ತಿಯರೆಲ್ಲ ಹೇಳಿದ್ದಾರೆ. ಸಂಬಳ ಸರಿಯಾಗಲಿ, ಆಗದಿರಲಿ, ಸೆಪ್ಟೆಂಬರ್ 8ರ ಮೊಂತಿ ಹಬ್ಬದಿಂದ (ಮಾತೆ ಮರಿಯಮ್ಮನ ಜನ್ಮದಿನದ ತೆನೆಹಬ್ಬ) ತಿಂಗಳಿಗೆ ಐನೂರು ರೂಪಾಯಿಯಂತೆ ಆ ಲಕೋಟೆಗೆ ಹಾಕುತ್ತಾ ಬರುವುದೆಂದು ನಿಶ್ಚಯಿಸಿದ್ದೇವೆ.