ಜನ ಬೇಕು ಅಂತ ಕೇಳುವ ಮುಂಚೆ ಕೆಲಸ ಎಣಿಸಿದೆವು

ನಾನು ಒಂದು ನಗರಾಡಳಿತದ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಮಂಜೂರಾದ ಹುದ್ದೆ 8, ಇದ್ದವರು 5 ಜನ. ಪ್ರತಿ ಬಜೆಟ್‌ಗೂ ಮುಂಚೆ ಜನ ಸಾಲದು ಅಂತ ಬರೆದು ಕಳಿಸುತ್ತಿದ್ದೆ. ಎಲ್ಲ ವಿಭಾಗದವರೂ ಅದನ್ನೇ ಹೇಳ್ತಾರಲ್ವಾ ಅನ್ನುವ ಉತ್ತರ ಬರುತ್ತಿತ್ತು. ಬೇಜಾರಾಗುತ್ತಿತ್ತು. ಆದರೆ ಆ 5 ಜನರ ದಿನ ಹೇಗೆ ಕಳೆಯುತ್ತದೆ ಅಂತ ಯಾರಾದರೂ ಕೇಳಿದ್ದರೆ ತೋರಿಸಲು ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ.

ಕೆಲಸ ಬರುತ್ತಿದ್ದದ್ದು ಎಲ್ಲ ದಿಕ್ಕಿನಿಂದ. ಫೋನ್, ವಾಟ್ಸಾಪ್, ಮೆಟ್ಟಿಲ ಮೇಲೆ ತಡೆದು ‘ಒಂದ್ನಿಮಿಷ ಬಂದು ನೋಡಿ’ ಅನ್ನುವುದು. ಯಾರು ಹೇಗೇ ಕೇಳಲಿ, ಅದು ಟಿಕೆಟ್, ಅಂದರೆ ದಾಖಲಾದ ಒಂದು ಕೋರಿಕೆ, ಆಗಲೇಬೇಕು ಅಂತ ಮಾಡಿದೆವು. ಕೇಳಿದವರು ಹಾಕದಿದ್ದರೆ ನಾವೇ ಹಾಕುವುದು. ತುಂಬಬೇಕಾದದ್ದು ಮೂರೇ: ಯಾವ ವಿಭಾಗ, ಏನು ತೊಂದರೆ, ಎಷ್ಟು ಹೊತ್ತು ಹಿಡಿಯಿತು. ಕಾಲಂ ಜಾಸ್ತಿಯಾದರೆ ಯಾರೂ ತುಂಬುವುದಿಲ್ಲ. ಇದು ತಮ್ಮ ಮೇಲೆ ಕಣ್ಣಿಡಲಿಕ್ಕೆ ಅಂತ ನಮ್ಮವರಿಗೇ ಅನುಮಾನ ಬಂತು. ಯಾರು ಎಷ್ಟು ಟಿಕೆಟ್ ಮುಗಿಸಿದರು ಅನ್ನುವ ಪಟ್ಟಿ ತೆಗೆಯುವುದಿಲ್ಲ ಅಂತ ಮೊದಲ ದಿನವೇ ಮಾತು ಕೊಟ್ಟೆ. ಇವತ್ತಿಗೂ ತೆಗೆದಿಲ್ಲ.

ಮೂರು ತಿಂಗಳಾದ ಮೇಲೆ ಲೆಕ್ಕ ಹಾಕಿ ನೋಡಿದರೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಪಾಸ್‌ವರ್ಡ್. 90 ದಿನಕ್ಕೊಮ್ಮೆ ಬದಲಾಯಿಸಲೇಬೇಕು ಅನ್ನುವ ಹಳೇ ನಿಯಮ ನಮ್ಮಲ್ಲಿತ್ತು. ಜನ ಹೊಸದನ್ನು ಮರೆಯುತ್ತಿದ್ದರು, ಇಲ್ಲವೇ ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸುತ್ತಿದ್ದರು. ಸುಮ್ನೆ ಅವಧಿ ಮುಗಿಯಿತು ಅಂತ ಬದಲಾಯಿಸಲು ಒತ್ತಾಯಿಸಬೇಡಿ, ಸೋರಿದೆ ಅಂತ ಗೊತ್ತಾದಾಗ ಬದಲಾಯಿಸಿ ಅಂತ ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕ ಸರ್ಕಾರದ ನಿಸ್ಟ್ ಸಂಸ್ಥೆ 2017ರಲ್ಲೇ ಹೇಳಿತ್ತು. ಅದನ್ನು ಮೇಲಧಿಕಾರಿಗಳಿಗೆ ತೋರಿಸಿ ಒಪ್ಪಿಸಿದೆವು. ಪಾಸ್‌ವರ್ಡ್ ಉದ್ದ ಮಾಡಿಸಿದೆವು, ಮೊಬೈಲ್‌ನಲ್ಲಿ ಎರಡನೇ ದೃಢೀಕರಣ ಇಟ್ಟೆವು, ಮರೆತರೆ ತಾವೇ ರೀಸೆಟ್ ಮಾಡಿಕೊಳ್ಳುವ ಪುಟ ಕೊಟ್ಟೆವು. ಸೋಮವಾರ ಬೆಳಗಿನ ಫೋನ್‌ಗಳು ನಿಂತವು. ಎರಡನೆಯದು ಪ್ರಿಂಟರ್. ಮೇಜಿಗೊಂದು ಇದ್ದದ್ದನ್ನು ತೆಗೆದು ಮಹಡಿಗೆ ಎರಡು ಇಟ್ಟೆವು. ಸ್ವಲ್ಪ ಗೊಣಗಾಟ ಆಯಿತು, ಆಮೇಲೆ ಸರಿಹೋಯಿತು.

ಮುಂದಿನ ಬಜೆಟ್‌ಗೆ ಒಂದು ಹಾಳೆ ತೆಗೆದುಕೊಂಡು ಹೋದೆ. ಇಷ್ಟು ಗಂಟೆ ಉಳಿಸಿದ್ದೇವೆ, ಆದರೂ ಈ ಮೂರು ಕೆಲಸಕ್ಕೆ ಕೈ ಸಾಲುತ್ತಿಲ್ಲ, ಜನ ಕೊಡದಿದ್ದರೆ ಯಾವುದನ್ನು ಬಿಡಬೇಕು ಅಂತ ನೀವೇ ಹೇಳಿ ಅಂದೆ. 2 ಹುದ್ದೆ ತುಂಬಲು ಒಪ್ಪಿಗೆ ಸಿಕ್ಕಿತು.

ಆ ಮೂರರಲ್ಲಿ ನನ್ನ ನಿದ್ದೆ ಕೆಡಿಸುತ್ತಿದ್ದದ್ದು ಬ್ಯಾಕಪ್, ಅಂದರೆ ಮಾಹಿತಿಯ ಇನ್ನೊಂದು ಪ್ರತಿ. ತೆಗೆಯುತ್ತಿದ್ದೆವು, ನಿಜ. ಆದರೆ ಅದರಿಂದ ತೆರಿಗೆ ಸರ್ವರನ್ನು ಮತ್ತೆ ಎಬ್ಬಿಸುವುದು ನಮ್ಮಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ರಜೆಯಲ್ಲಿದ್ದಾಗ ಒಮ್ಮೆ ಸರ್ವರ್ ನಿಂತುಹೋಯಿತು. ಕೌಂಟರ್ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ರಜೆಯಲ್ಲಿದ್ದ ಆ ಸಹೋದ್ಯೋಗಿ ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಕೂತು ಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಿದರು. ಆ ಹೊತ್ತಲ್ಲಿ ಅವರಿಗೆ ಫೋನ್ ಮಾಡಬೇಕಾಯಿತಲ್ಲ ಅಂತ ನನಗೆ ಇನ್ನೂ ಸಂಕಟವಾಗುತ್ತದೆ. 2019ರ ಮೇನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಾಡಳಿತದ ಮೇಲೆ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿ ನೀರಿನ ಬಿಲ್ಲು, ಮನೆ ಮಾರಾಟದ ಕೆಲಸಗಳೆಲ್ಲ ನಿಂತಿದ್ದವು. ನಮಗೆ ಹಾಗಾದರೆ ಫೋನ್ ಕೂಡ ಸಾಲದು.

ಆ ಸಹೋದ್ಯೋಗಿ ವಾಪಸ್ ಬಂದ ಮೇಲೆ ನಾವಿಬ್ಬರೂ ಕೂತು ಎಲ್ಲ ಹೆಜ್ಜೆಗಳನ್ನೂ ಬರೆದೆವು. ಬರೆದವರೇ ಓದಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೆ ಹೊಸದಾಗಿ ಸೇರಿದ ಹುಡುಗಿಯ ಕೈಗೆ ಹಾಳೆ ಕೊಟ್ಟು, ಬೇರೆ ಮಷಿನ್‌ನಲ್ಲಿ ಮಾಡಿ ನೋಡಮ್ಮ ಅಂದೆವು. ನಾವು ಬಾಯಿ ಬಿಡುವ ಹಾಗಿಲ್ಲ. ‘ಹಳೇ ಡ್ರೈವ್ ಜೋಡಿಸಿ’ ಅನ್ನುವ 7ನೇ ಹೆಜ್ಜೆಗೆ ಬಂದು ನಿಂತಳು. ಎದುರಿಗೆ ಒಂದೇ ತರಹದ ನಾಲ್ಕು ಡ್ರೈವ್. ನಮ್ಮ ಮುಖ ನೋಡಿದಳು. ನನ್ನ ಜೊತೆ ಹಾಳೆ ಬರೆದವರಿಗೆ ಹೇಳಿಬಿಡುವಷ್ಟು ಚಡಪಡಿಕೆ, ಕೈಕಟ್ಟಿಕೊಂಡು ನಿಂತರು. ಅವಳು ಕೆಂಪು ಪೆನ್ನಲ್ಲಿ ಆ ಸಾಲಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದಳು. ಅಂದು ಸಂಜೆಯೊಳಗೆ 11 ಚಿಹ್ನೆ ಬಿದ್ದವು, ಸರ್ವರ್ ಎದ್ದಿರಲಿಲ್ಲ.

ಈಗ ಪ್ರತಿ ಡ್ರೈವ್ ಮೇಲೂ ಚೀಟಿ ಇದೆ. ಮೂರು ತಿಂಗಳಿಗೊಮ್ಮೆ ಬೇರೆ ಬೇರೆಯವರು ಹಾಳೆ ಹಿಡಿದು ಕೂರುತ್ತಾರೆ. ಹೋದ ಸಲ 2 ಚಿಹ್ನೆ ಮಾತ್ರ ಬಿದ್ದವು, ಊಟದ ಹೊತ್ತಿಗೆ ಸರ್ವರ್ ಎದ್ದಿತ್ತು.