ಅಡಿಕೆ ಸುಲಿಯೋ ಚಪ್ಪರದಲ್ಲಿ ನಾಟಕ

ಹಳ್ಳಿ ಶಾಲೆಯ ಮಕ್ಕಳಿಗೆ ನಾಟಕ, ಚಿತ್ರ ಕಲಿಸೋಕೆ ಹೋದ ಮೊದಲ ಶನಿವಾರ ಬಂದದ್ದು ಮೂರೇ ಮಕ್ಕಳು. ಶಾಲೆಯ ಹಾಜರಿಯಲ್ಲಿ 28 ಹೆಸರಿತ್ತು. ಬಣ್ಣ, ಡ್ರಾಯಿಂಗ್ ಶೀಟು, ಒಂದು ಡೊಳ್ಳು, ಎರಡು ಜೊತೆ ತಾಳ ಹೊತ್ತುಕೊಂಡು ಸಾಗರದಿಂದ ಬಸ್ಸಲ್ಲಿ ಹೋಗಿದ್ದೆ. ಇಳಿದ ಮೇಲೆ ಎರಡು ಕಿಲೋಮೀಟರ್ ನಡಿಗೆ. ಉಳಿದವರೆಲ್ಲಿ ಎಂದು ಕೇಳಿದರೆ ಆ ಮೂವರೂ ಒಟ್ಟಿಗೆ ಹೇಳಿದರು, "ಸುಲಿಯೋ ಮನೆಗೆ ಹೋಗಿದಾರೆ ಅಕ್ಕಾ."

ನವೆಂಬರ್ ತಿಂಗಳು. ಮಲೆನಾಡಲ್ಲಿ ಆಗ ಅಡಿಕೆ ಗೊನೆಗಳ ಕೊಯ್ಲು. ಕೊಯ್ದ ಹಸಿ ಅಡಿಕೆಯನ್ನು ತಡ ಮಾಡದೆ ಸುಲಿದು ಬೇಯಿಸಬೇಕು. ಸುಲಿದವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹಾಗಾಗಿ ಅಮ್ಮಂದಿರು ರಾತ್ರಿಯವರೆಗೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರುವಂತಿಲ್ಲ, ಜೊತೆಗೇ ಕರೆದುಕೊಂಡು ಹೋಗುತ್ತಾರೆ. ಚಿಕ್ಕವು ಸಿಪ್ಪೆ ರಾಶಿಯ ಮೇಲೆ ಆಡಿ ಅಲ್ಲೇ ನಿದ್ದೆ ಹೋಗುತ್ತವೆ.

ನಾನು ಹೆಗ್ಗೋಡಿನ ನೀನಾಸಮ್‌ನಲ್ಲಿ ಒಂದು ವರ್ಷ ರಂಗಶಿಕ್ಷಣ ಕಲಿತವಳು. 1949ರಲ್ಲಿ ಶುರುವಾದ ಸಂಸ್ಥೆ ಅದು. 1985ರಿಂದ ಅದರ 'ತಿರುಗಾಟ' ನಾಟಕಗಳು ಊರೂರಿಗೆ ಹೋಗುತ್ತಿವೆ. ಈ ಊರೂ ಅದೇ ಸಾಗರ ತಾಲೂಕಿನದು. ಆದರೂ ಇಲ್ಲಿನ ಹೆಚ್ಚಿನ ಮಕ್ಕಳು ಒಂದು ನಾಟಕವನ್ನೂ ನೋಡಿರಲಿಲ್ಲ. ಕಾರಣ ತುಂಬಾ ಸರಳ. ಲಾಸ್ಟ್ ಬಸ್ಸು ಸಂಜೆಯೇ ಹೋಗಿಬಿಡುತ್ತದೆ, ನಾಟಕ ಶುರುವಾಗೋದು ಅದಾದ ಮೇಲೆ. ಗಾಡಿ ಇದ್ದವರ ಮಕ್ಕಳು ನೋಡುತ್ತಾರೆ, ಇಲ್ಲದವರ ಮಕ್ಕಳಿಗೆ ಇಲ್ಲ.

ಮುಂದಿನ ವಾರ ಶಾಲೆಗೆ ಹೋಗಲಿಲ್ಲ, ನೇರ ಸುಲಿಯೋ ಚಪ್ಪರಕ್ಕೇ ಹೋದೆ. ತೋಟದ ಯಜಮಾನರ ಹತ್ತಿರ ಕೇಳಿದೆ. "ಕೆಲಸ ನಿಲ್ಲಬಾರದು, ಅಷ್ಟೇ" ಎಂದರು. ಹೆಂಗಸರಿಗೂ ಅನುಮಾನವಿತ್ತು. ಒಬ್ಬರು ತಲೆ ಎತ್ತದೆ ಹೇಳಿದರು, "ಸುಲಿಯೋ ಟೈಮಲ್ಲಿ ಎಂತ ನಾಟ್ಕ ಮಾರಾಯ್ತಿ?"

ಅದಕ್ಕೇ ಮೊದಲ ಎರಡು ವಾರ ಏನೂ ಕಲಿಸಲಿಲ್ಲ. ಸುಮ್ನೆ ಕೂತು ಕಥೆ ಹೇಳಿದೆ. ಡೊಳ್ಳು ಮುಟ್ಟಲಿಲ್ಲ, ಹಾಡು ಹೇಳಿಸಲಿಲ್ಲ. ಕೈ ಕತ್ತಿಯ ಮೇಲಿದ್ದರೂ ಕಿವಿ ಖಾಲಿ ಇರುತ್ತದೆ ಅಲ್ವಾ? ಎರಡನೇ ಸಂಜೆ ಒಬ್ಬ ಅಜ್ಜಿ ನನ್ನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, "ಅದು ಹಂಗಲ್ಲ" ಎಂದು ತಮ್ಮದನ್ನು ಶುರು ಮಾಡಿದರು. ಮಕ್ಕಳು ನನ್ನನ್ನು ಬಿಟ್ಟು ಅವರ ಹತ್ತಿರ ಸರಿದವು. ನನಗೆ ಆದ ಖುಷಿ ಹೇಳತೀರದು.

ಆ ಅಜ್ಜಿಗೆ ಹಸೆ ಚಿತ್ತಾರ ಬರೆಯೋಕೆ ಬರುತ್ತಿತ್ತು. ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಚಿತ್ತಾರ. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಮೇಲೂ ಬರೆಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಸೀಯಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ಷು ಎಂದರೆ ಪುಂಡಿ ನಾರು. ನಾನು ಪೇಟೆಯಿಂದ ತಂದ ಬಣ್ಣದ ಡಬ್ಬಿಗಳು ಚೀಲದಲ್ಲೇ ಉಳಿದವು. ಗೆರೆ ಎಳೆಯುವಾಗ ಅಜ್ಜಿ ಉಸಿರು ಹಿಡಿಯುತ್ತಿದ್ದರು. ಮಕ್ಕಳೂ ಹಿಡಿದರು. ಐದನೇ ಕ್ಲಾಸಿನ ಹುಡುಗನೊಬ್ಬ ನೆಟ್ಟಗೆ ಒಂದು ಗೆರೆ ಎಳೆದು, ಉಸಿರು ಬಿಟ್ಟು, ಸುತ್ತಲೂ ನೋಡಿದ. ಕಲೆ ಕಲಿಸೋಕೆ ಹೊರಗಿನಿಂದ ಯಾರೋ ಬರಲೇಬೇಕು ಅಂತ ನಾನು ಈಗ ಹೇಳುವುದಿಲ್ಲ. ಕಲಿಸುವವರು ಊರಲ್ಲೇ ಇರುತ್ತಾರೆ. ಅವರಿಗೆ ಮೇಷ್ಟ್ರ ಮರ್ಯಾದೆ ಕೊಡಬೇಕು, ಜೊತೆಗೆ ದುಡ್ಡನ್ನೂ ಕೊಡಬೇಕು. ಅಜ್ಜಿ ಚಿತ್ತಾರ ಕಲಿಸಿದ ಸಂಜೆ ಅವರ ಡಬ್ಬದ ಕೂಲಿ ತಪ್ಪುತ್ತಿತ್ತು. ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಸೇರಿಸಿ ಕೈಗಿಟ್ಟೆವು.

ಮುಖವಾಡಕ್ಕೆ ಅಡಿಕೆ ಹಾಳೆ. ಉದುರಿದ ಹಾಳೆಯನ್ನು ಚೆನ್ನಾಗಿ ನೆನೆಸಿದರೆ ಬಗ್ಗುತ್ತದೆ. ಕಣ್ಣಿಗೆ ತೂತು ಮಾಡಿ, ಒಂದು ತಪ್ಪಲೆಯ ಮೇಲೆ ಕವುಚಿ, ಬಾಳೆ ನಾರಲ್ಲಿ ಬಿಗಿದು ಒಣಗಿಸಿದರೆ ಆ ಆಕಾರ ಹಾಗೇ ನಿಲ್ಲುತ್ತದೆ. ಬಣ್ಣಕ್ಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಬಟ್ಟೆಗೆ ತಾಗಿದರೆ ಮಾತ್ರ ಹೋಗುವುದಿಲ್ಲ, ಹಳೇ ಅಂಗಿ ಹಾಕಿಸಿಯೇ ಕೂರಿಸಬೇಕು. ಮಳೆಗಾಲದಲ್ಲಿ ಹಾಳೆಗೆ ಬೂಸ್ಟು ಬರುತ್ತದೆ. ನಮ್ಮ ಮೊದಲ ವರ್ಷದ ಮುಖವಾಡಗಳೆಲ್ಲ ಹಾಗೇ ಹೋದವು. ಈಗ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತೇವೆ.

ನಾಟಕ ಯಾವುದು ಎನ್ನುವುದನ್ನು ಮಕ್ಕಳೇ ತೀರ್ಮಾನಿಸಿದರು. "ಮಂಗನ ಕಾಯಿಲೆ ಮಾಡೋಣ" ಎಂದರು. ನನಗೆ ಎದೆ ಧಸಕ್ ಎಂದಿತು. ಜೀವ ತೆಗೆಯಬಲ್ಲ ಈ ಜ್ವರವನ್ನು ಮೊದಲು ಗುರುತಿಸಿದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಸುಗ್ಗಿ ಮುಗಿದು ಬೇಸಿಗೆ ಬರುವ ಹೊತ್ತಿಗೆ ಇಲ್ಲಿನ ಮನೆಗಳಲ್ಲಿ ಅದರದೇ ಭಯ. ಆದರೆ ಮಕ್ಕಳಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಕಚ್ಚುವುದು ಉಣುಗು ಎನ್ನುವ ರಕ್ತ ಹೀರುವ ಹುಳ, ಮಂಗ ಅಲ್ಲ. ದರಗು (ಒಣ ಎಲೆ) ತರಲು ಕಾಡಿಗೆ ಹೋಗುವಾಗ ಕೈಕಾಲಿಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಬೇಕು. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆಸ್ಪತ್ರೆಯವರಿಗೆ ತಿಳಿಸಬೇಕು. ಒಬ್ಬಳು ಕೇಳಿದಳು, "ಮಂಗನ ತಪ್ಪಿಲ್ಲ ಅಲ್ವಾ ಅಕ್ಕಾ? ಅದೂ ಸಾಯ್ತದೆ." ಇಡೀ ನಾಟಕ ಆ ಮಾತಿನ ಸುತ್ತ ಬೆಳೆಯಿತು. ಮಾತು ಬರೆದುಕೊಡಲಿಲ್ಲ. ಆಡಿ ಆಡಿ ಗಟ್ಟಿಯಾದದ್ದನ್ನು ಉಳಿಸಿಕೊಂಡೆವು, ಅಷ್ಟೇ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಗಂಟಲು ದೊಡ್ಡದಿದ್ದ ನಾಲ್ಕು ಮಕ್ಕಳಿಗೇ ಮುಖ್ಯ ಪಾತ್ರ ಕೊಟ್ಟುಬಿಟ್ಟೆ. ಬಯಲುಸೀಮೆ ಕಡೆಯಿಂದ ಕೂಲಿಗೆ ಬಂದ ಮನೆಯ ಇಬ್ಬರು ಮಕ್ಕಳು ಮೂಲೆಗೆ ಸರಿದರು. ಮನೆಯಲ್ಲಿ ಅವರದು ಲಂಬಾಣಿ ಮಾತು. ನಾಟಕದ ಅಭ್ಯಾಸ ಶುರುವಾದ ಮೂರನೇ ವಾರ ಅವರು ಬರಲೇ ಇಲ್ಲ. ಆಮೇಲೆ ಪಾತ್ರಗಳನ್ನು ವಾರ ವಾರ ಬದಲಿಸಿದೆ. ಉಣುಗುಗಳು ತಮ್ಮೊಳಗೆ ಲಂಬಾಣಿಯಲ್ಲೇ ಮಾತಾಡಲಿ ಎಂದೆ. ಅವರಿಬ್ಬರು ವಾಪಸ್ ಬಂದರು, ಉಳಿದ ಮಕ್ಕಳಿಗೆ ಆ ಮಾತು ಕಲಿಸಿದರು. ಈಗಲೂ ಅಂಗಳದಲ್ಲಿ ಗುಟ್ಟು ಹೇಳಬೇಕಾದರೆ ಎಲ್ಲರದೂ ಲಂಬಾಣಿಯೇ.

ಜನವರಿ ಕೊನೆಗೆ, ಸುಲಿತ ಮುಗಿದ ಮೇಲೆ, ಅದೇ ಚಪ್ಪರದಡಿ ಆಟ. ಪರದೆಗೆ ಎರಡು ಸೀರೆ, ಬೆಳಕಿಗೆ ಸುಲಿಯುವಾಗ ಉರಿಯುತ್ತಿದ್ದ ಅದೇ ಬಲ್ಬುಗಳು. 25 ನಿಮಿಷದ ನಾಟಕ. ವೇದಿಕೆ, ಹಾರ, ಭಾಷಣ ಇರಲಿಲ್ಲ, ಬಹುಮಾನವನ್ನೂ ಇಡಲಿಲ್ಲ. ಹಿಂದೊಮ್ಮೆ ಬೇರೊಂದು ಕಡೆ ಮಕ್ಕಳ ಕಾರ್ಯಕ್ರಮಕ್ಕೆ ಹೋಗಿದ್ದೆ. ಒಂದೂವರೆ ಗಂಟೆ ಅತಿಥಿಗಳ ಮಾತಿಗೆ ಹೋಯಿತು. ಬಣ್ಣ ಹಚ್ಚಿಕೊಂಡ ಮಕ್ಕಳು ಹಿಂದೆ ತೂಕಡಿಸುತ್ತಿದ್ದವು. ಅದು ನನಗೆ ಇವತ್ತಿಗೂ ಸಂಕಟ. ನಮ್ಮ ಆಟದ ದಿನ ಅಮ್ಮಂದಿರು ಮುಂದಿನ ಸಾಲಲ್ಲಿ ಕೂತಿದ್ದರು. ಮಂಗ ಸಾಯುವ ದೃಶ್ಯದಲ್ಲಿ, ಮೊದಲ ದಿನ ತಲೆ ಎತ್ತದೇ ಮಾತಾಡಿದ್ದ ಅದೇ ಹೆಂಗಸು ಸೆರಗಲ್ಲಿ ಕಣ್ಣೊರೆಸಿಕೊಂಡರು.

ಆ ವರ್ಷ ಎಲ್ಲ ಸೇರಿ 4,200 ರೂಪಾಯಿ ಖರ್ಚಾಯಿತು. ಹೆಚ್ಚಿನದು ಬಸ್ಸಿಗೆ, ಡೊಳ್ಳು ಸಾಗಿಸಿದ ಆಟೋಕ್ಕೆ ಮತ್ತು ಅಜ್ಜಿಯ ಕೂಲಿಗೆ. ಸ್ನೇಹಿತರಿಬ್ಬರು ಕೊಟ್ಟರು, ಯಜಮಾನರೂ ಐನೂರು ಸೇರಿಸಿದರು.

ಇದು ಮೂರನೇ ವರ್ಷ. ಕೊಯ್ಲು ಶುರುವಾಗುವ ಮೊದಲೇ ಯಜಮಾನರ ಫೋನ್ ಬಂತು, "ಯಾವತ್ತಿಂದ ಬರ್ತೀರಿ?" ಈ ಸಲ ಮಕ್ಕಳು ಆರಿಸಿಕೊಂಡಿರುವುದು ಲಾಸ್ಟ್ ಬಸ್ಸಿನ ಕಥೆ. ಕಂಡಕ್ಟರ್ ಪಾತ್ರಕ್ಕೆ ಐದು ಜನ ಕೈ ಎತ್ತಿದ್ದಾರೆ. ವಾರಕ್ಕೊಬ್ಬರು ಆಗಲಿ ಎಂದಿದ್ದೇನೆ. ಆದರೆ ವಿಷಲ್ ಒಂದೇ ಇದೆ, ಎಲ್ಲರೂ ಅದನ್ನೇ ಊದುತ್ತಿದ್ದಾರೆ. ನಾಡಿದ್ದು ಸಾಗರ ಪೇಟೆಗೆ ಹೋದಾಗ ಇನ್ನೂ ನಾಲ್ಕು ತರಬೇಕು.